ಕ್ಲಿಕ್ ಮಾಡಿಬಿಟ್ಟೆ, ಈಗೇನು ಮಾಡಲಿ?

ಕಂಪ್ಯೂಟರ್ ಭದ್ರತೆ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ, ಅದೇ ಕೆಲಸದಲ್ಲಿ ವರ್ಷಗಟ್ಟಲೆ ಇರುವ ನನ್ನ ಉತ್ತರಗಳು ಇಲ್ಲಿವೆ. ಉದ್ದದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಬಹಳ ಜನ ಅದನ್ನೇ ಕೇಳಿಕೊಂಡಿದ್ದರು.

ಪ್ರಶ್ನೆ: ಆಫೀಸ್ ಮೇಲ್‌ಗೆ "ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಲಾಗಿನ್ ಆಗಿ" ಅಂತ ಬಂತು. ಗಡಿಬಿಡಿಯಲ್ಲಿ ಪಾಸ್‌ವರ್ಡ್ ಹಾಕಿಬಿಟ್ಟೆ. ಆಮೇಲೆ ಖಾಲಿ ಪುಟ ಬಂದಾಗ ಅನುಮಾನ ಬಂತು. ಮೂರು ದಿನ ಆಯಿತು, ಯಾರಿಗೂ ಹೇಳಿಲ್ಲ. ಹೇಳಿದರೆ ಕೆಲಸಕ್ಕೆ ಕುತ್ತು ಬರುತ್ತದೇನೋ ಅಂತ ಭಯ. ಇಷ್ಟು ಓದಿಕೊಂಡೂ ಮೋಸ ಹೋದೆನಲ್ಲ ಅಂತ ನಾಚಿಕೆ ಬೇರೆ.

ಉತ್ತರ: ಇದು ಅಚ್ಚಾಗುವ ತನಕ ಕಾಯುವ ವಿಷಯ ಅಲ್ಲ. ಹಾಗಾಗಿ ನಿಮಗೆ ಅವತ್ತೇ ಬರೆದು ತಿಳಿಸಿದ್ದೆ. ಬೇರೆಯವರಿಗೂ ಬೇಕಾಗುತ್ತದೆ ಅಂತ ಇಲ್ಲಿ ಮತ್ತೆ ಹೇಳುತ್ತಿದ್ದೇನೆ.

ಮೊದಲು ಐಟಿಯವರಿಗೆ ಫೋನ್ ಮಾಡಿ. ಮೇಲ್ ಕಳಿಸಬೇಡಿ. ನಿಮ್ಮ ಮೇಲ್‌ಬಾಕ್ಸ್‌ನಲ್ಲಿ ಇನ್ನೊಬ್ಬ ಬಂದು ಕೂತಿದ್ದರೆ ಅದನ್ನು ಅವನೂ ಓದುತ್ತಾನೆ, ಅಲ್ವಾ? ಆಮೇಲೆ ಪಾಸ್‌ವರ್ಡ್ ಬದಲಿಸಿ. "ಎಲ್ಲ ಸಾಧನಗಳಿಂದ ಲಾಗೌಟ್" ಅನ್ನುವ ಆಯ್ಕೆ ಇದ್ದರೆ ಅದನ್ನೂ ಒತ್ತಿ. ಎಷ್ಟೋ ಕಡೆ ಪಾಸ್‌ವರ್ಡ್ ಬದಲಿಸಿದರೂ ಆಗಲೇ ಒಳಗೆ ಬಂದವನು ಒಳಗೇ ಉಳಿಯುತ್ತಾನೆ. ಅದೇ ಪಾಸ್‌ವರ್ಡ್ ಬೇರೆ ಎಲ್ಲಾದರೂ ಇದ್ದರೆ ಅಲ್ಲೂ ಬದಲಿಸಿ. ಕೊನೆಗೆ ಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ರೂಲ್ಸ್ (ಬಂದ ಮೇಲನ್ನು ತಾನಾಗಿ ಏನು ಮಾಡಬೇಕು ಅನ್ನುವ ಸೂಚನೆಗಳು) ಮತ್ತು ಫಾರ್ವರ್ಡಿಂಗ್ ಎರಡನ್ನೂ ತೆರೆದು ನೋಡಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ಯಾಕೆ ಹೇಳುತ್ತೇನೆ ಅಂದರೆ, ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಲೆಕ್ಕ ವಿಭಾಗದ ಒಬ್ಬರು ನಿಮ್ಮ ಹಾಗೇ ಪಾಸ್‌ವರ್ಡ್ ಕೊಟ್ಟು, ಹೆದರಿ, ಒಂದು ವಾರ ಸುಮ್ಮನಿದ್ದರು. ಪಾಸ್‌ವರ್ಡ್ ಮಾತ್ರ ತಾವೇ ಬದಲಿಸಿಕೊಂಡಿದ್ದರು. ಕೊನೆಗೆ ಅವರ ಪಕ್ಕ ಕೂತು ಸೆಟ್ಟಿಂಗ್ಸ್ ತೆರೆದಾಗ ರೂಲ್ಸ್ ಪಟ್ಟಿಯಲ್ಲಿ ಒಂದು ಚುಕ್ಕೆ ಕಂಡಿತು. ರೂಲ್‌ನ ಹೆಸರೇ ಒಂದು ಚುಕ್ಕೆ, ಮುಂದೆ ಹಿಂದೆ ಏನೂ ಇಲ್ಲ. ಪರದೆ ಮೇಲಿನ ಧೂಳು ಅಂದುಕೊಂಡು ಅವರು ಅದನ್ನು ಬೆರಳಲ್ಲಿ ಒರೆಸಿದರು. ತೆರೆದು ನೋಡಿದರೆ, "ಇನ್‌ವಾಯ್ಸ್" ಅನ್ನುವ ಪದ ಇರುವ ಪ್ರತಿ ಮೇಲ್‌ಗೂ ಓದಿಯಾಗಿದೆ ಅಂತ ಗುರುತು ಹಾಕಿ, ಯಾರೂ ತೆರೆಯದ ಆರ್‌ಎಸ್‌ಎಸ್ ಫೋಲ್ಡರಿಗೆ ತಳ್ಳುವ ರೂಲ್ ಅದು. ಕಳ್ಳ ಇವರ ಹೆಸರಲ್ಲಿ ಗ್ರಾಹಕರಿಗೆ ಬರೆಯುತ್ತಿದ್ದ, ಬಂದ ಉತ್ತರ ಇವರ ಕಣ್ಣಿಗೇ ಬೀಳುತ್ತಿರಲಿಲ್ಲ. ಮೊದಲ ದಿನವೇ ಹೇಳಿದ್ದರೆ ಹತ್ತು ನಿಮಿಷದ ಕೆಲಸ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ತಪ್ಪು ಒಪ್ಪಿಕೊಂಡವರನ್ನು ಎಲ್ಲರೆದುರು ಬೈಯುವ ಅಲ್ಲಿನ ರೂಢಿಯ ಮೇಲೆ ಬಂತು.

ಇನ್ನು ನಾಚಿಕೆ ವಿಷಯ. ಟ್ರಾಯ್ ಹಂಟ್ ಅಂತ ಒಬ್ಬರಿದ್ದಾರೆ. ಸೋರಿಹೋದ ಪಾಸ್‌ವರ್ಡ್‌ಗಳ ಬಗ್ಗೆ ಜಗತ್ತಿಗೆಲ್ಲ ಎಚ್ಚರಿಕೆ ಕೊಡುವ "ಹ್ಯಾವ್ ಐ ಬೀನ್ ಪೋನ್ಡ್" ಸೇವೆಯನ್ನು 2013ರಲ್ಲಿ ಕಟ್ಟಿದವರು. 2025ರ ಮಾರ್ಚ್‌ನಲ್ಲಿ ಅವರೇ ಇಂಥ ಒಂದು ಮೇಲ್‌ಗೆ ಸಿಕ್ಕಿಬಿದ್ದರು. ದೂರದ ವಿಮಾನ ಪ್ರಯಾಣ ಮಾಡಿ ದಣಿದಿದ್ದರು. ಪಾಸ್‌ವರ್ಡ್ ಹಾಕಿದರು, ಒಟಿಪಿಯನ್ನೂ ಹಾಕಿದರು. ಅವರ ಓದುಗರ ಸುಮಾರು 16,000 ಮೇಲ್ ವಿಳಾಸಗಳು ಹೋದವು. ಅವತ್ತೇ ಅವರು ಎಲ್ಲವನ್ನೂ ತಾವೇ ಬರೆದು ಜನರ ಮುಂದಿಟ್ಟರು. ನನ್ನ ಕಣ್ಣಲ್ಲಿ ಅವರ ಮೇಲಿನ ಗೌರವ ಅವತ್ತು ಜಾಸ್ತಿ ಆಯಿತು. ದಡ್ಡರು ಮಾತ್ರ ಬೀಳುತ್ತಾರೆ ಅನ್ನುವುದು ಶುದ್ಧ ಸುಳ್ಳು. ದಣಿದವರು, ಅವಸರದಲ್ಲಿರುವವರು ಬೀಳುತ್ತಾರೆ. ಅಂಥ ಗಳಿಗೆ ಎಲ್ಲರಿಗೂ ಬರುತ್ತದೆ. ಇವತ್ತೇ ಫೋನ್ ಮಾಡಿ.

ಪ್ರಶ್ನೆ: ನಮ್ಮಲ್ಲಿ 45 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು. ಎಲ್ಲರೂ ಕೊನೆಯ ಅಂಕಿಯನ್ನು ಒಂದು ಏರಿಸುತ್ತೇವೆ ಅಷ್ಟೆ. ಇದರಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಇಲ್ಲ. ನೀವು ಅಂಕಿ ಏರಿಸುತ್ತೀರಿ ಅಂತ ಕಳ್ಳರಿಗೂ ಗೊತ್ತು. ಅವರ ಪ್ರೋಗ್ರಾಮ್‌ಗಳು ಮೊದಲು ಪ್ರಯತ್ನಿಸುವುದೇ ಅದನ್ನು: ಹಳೇ ಪಾಸ್‌ವರ್ಡ್, ಅದರ ಮುಂದೆ ಒಂದಂಕಿ, ಒಂದು ಆಶ್ಚರ್ಯಸೂಚಕ ಚಿಹ್ನೆ.

ಈ ನಿಯಮ ಎಲ್ಲಿಂದ ಬಂತು ಅಂದರೆ, 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ಗಾಗಿ ಬಿಲ್ ಬರ್ ಅನ್ನುವವರು ಒಂದು ಮಾರ್ಗಸೂಚಿ ಬರೆದರು. ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಿ, ಆಗಾಗ ಬದಲಿಸಿ ಅನ್ನುವ ಪಾಠ ಅಲ್ಲಿಂದ ಊರೆಲ್ಲ ಹಬ್ಬಿತು. 2017ರಲ್ಲಿ ಅದೇ ನಿಸ್ಟ್ ಅದನ್ನು ತಿದ್ದಿತು. ಪಾಸ್‌ವರ್ಡ್ ಸೋರಿದ ಸುಳಿವು ಇದ್ದರೆ ಬದಲಿಸಿ, ಸುಮ್ನೆ ದಿನ ಎಣಿಸಿ ಬದಲಿಸಬೇಡಿ ಅಂತ. ಆಗ ನಿವೃತ್ತರಾಗಿದ್ದ ಬರ್ ಅವರೂ, ತಾನು ಬರೆದದ್ದರಲ್ಲಿ ಬಹುಪಾಲಿನ ಬಗ್ಗೆ ಈಗ ಬೇಜಾರಿದೆ ಅಂತ ಪತ್ರಿಕೆಗೆ ಹೇಳಿದರು. ಎಲ್ಲರೂ ಪಾಲಿಸುತ್ತಿರುವ ನಿಯಮ ಬರೆದವರು ಹೀಗೆ ಬಾಯಿಬಿಟ್ಟು ಹೇಳುವುದು ಅಪರೂಪ. ನಿಮ್ಮ ಐಟಿಯವರಿಗೆ ಆ 2017ರ ತಿದ್ದುಪಡಿಯನ್ನು ತೋರಿಸಿ. ಜಗಳ ಬೇಡ, ಮುದ್ರಿಸಿ ಕೊಡಿ ಸಾಕು.

ನಿಜವಾದ ಅಪಾಯ ಬೇರೆ ಇದೆ. ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಹಾಕುವುದು. 2009ರಲ್ಲಿ ರಾಕ್‌ಯೂ ಅನ್ನುವ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಕಳುವಾದವು. ಅವನ್ನು ಗೂಢ ಮಾಡದೆ, ಇದ್ದ ಹಾಗೇ ಬರೆದಿಟ್ಟಿದ್ದರು. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಸಲ ಬಂದದ್ದು 123456. ಆ ಪಟ್ಟಿಯನ್ನು ಪಾಸ್‌ವರ್ಡ್ ಮುರಿಯುವವರು ಇವತ್ತಿಗೂ ಬಳಸುತ್ತಾರೆ. ಎಲ್ಲೋ ಒಂದು ಚಿಕ್ಕ ಅಂಗಡಿಯ ತಾಣದಿಂದ ಸೋರಿದ ಪಾಸ್‌ವರ್ಡ್ ನಿಮ್ಮ ಮೇಲ್‌ಗೂ ಆಗುತ್ತದಾ ಅಂತ ನೋಡಲು ಮನುಷ್ಯರೇ ಬೇಕಿಲ್ಲ, ಯಂತ್ರಗಳೇ ಹಗಲೂ ರಾತ್ರಿ ನೋಡುತ್ತಿರುತ್ತವೆ.

ಪ್ರಶ್ನೆ: ಅಮ್ಮ ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಹೇಗೆ ಬಿಡಿಸಲಿ?

ಉತ್ತರ: ಬಿಡಿಸಬೇಡಿ. ಪ್ರತಿ ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್ ಬರೆದುಕೊಂಡಿದ್ದಾರಾ ಅಂತ ಮಾತ್ರ ನೋಡಿ. ಸಾವಿರಾರು ಮೈಲಿ ದೂರದಲ್ಲಿ ಕೂತ ಕಳ್ಳನ ಕೈ ಬೀರುವಿನೊಳಗಿನ ನೋಟ್‌ಬುಕ್ಕಿಗೆ ಎಟುಕುವುದಿಲ್ಲ. ಮನೆಗೆ ಬಂದುಹೋಗುವವರ ಮೇಲೆ ನಂಬಿಕೆ ಇಲ್ಲದಿದ್ದರೆ ಮಾತು ಬೇರೆ. ನೋಟ್‌ಬುಕ್ ಕಳೆದರೆ ನಿಮಗೆ ತಕ್ಷಣ ಹೇಳಲಿ, ಅಷ್ಟು ಸಾಕು.

ನೀವು ಮಾತ್ರ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ, ಅಂದರೆ ಪಾಸ್‌ವರ್ಡ್‌ಗಳನ್ನೆಲ್ಲ ಭದ್ರವಾಗಿಟ್ಟು ಬೇಕಾದಾಗ ತಾನೇ ತುಂಬುವ ಆ್ಯಪ್. ನೆನಪಿಟ್ಟುಕೊಳ್ಳುವ ಕಷ್ಟ ತಪ್ಪುತ್ತದೆ ಅನ್ನುವುದು ಅದರ ಸಣ್ಣ ಲಾಭ. ದೊಡ್ಡ ಲಾಭ ಅಂದರೆ ಅದು ವಿಳಾಸ ನೋಡಿ ಪಾಸ್‌ವರ್ಡ್ ತುಂಬುತ್ತದೆ. ನಕಲಿ ಪುಟ ಕಣ್ಣಿಗೆ ಎಷ್ಟೇ ಅಸಲಿ ತರಹ ಕಂಡರೂ ವಿಳಾಸ ಬೇರೆ ಇದ್ದರೆ ಅದು ತುಂಬುವುದಿಲ್ಲ. ಟ್ರಾಯ್ ಹಂಟ್ ವಿಷಯದಲ್ಲೂ ಮ್ಯಾನೇಜರ್ ತುಂಬಿರಲಿಲ್ಲ, ಅವರೇ ಕೈಯಾರೆ ಹಾಕಿದ್ದರು. ಹಾಗಾಗಿ ಅದು ತುಂಬದೇ ಇದ್ದಾಗ ಕೈ ಹಿಂದೆ ತೆಗೆಯಿರಿ.

ಪ್ರಶ್ನೆ: ಬ್ರೌಸರ್‌ನಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ವೆಬ್‌ಸೈಟ್ ಸುರಕ್ಷಿತ ಅಲ್ವಾ?

ಉತ್ತರ: ಅಲ್ಲ. ನಿಮ್ಮಿಂದ ಆ ಸೈಟಿನ ತನಕ ದಾರಿಯಲ್ಲಿ ಯಾರೂ ಕದ್ದು ಓದಲಾರರು ಅಂತ ಮಾತ್ರ ಆ ಬೀಗದ ಅರ್ಥ. ಆ ಕೊನೆಯಲ್ಲಿ ಇರುವವನು ಕಳ್ಳನೇ ಆಗಿರಬಹುದು, ಅವನಿಗೂ ಬೀಗ ಪುಕ್ಕಟೆ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ತೆಗೆಯಿತು.

ವಿಳಾಸ ಓದುವುದನ್ನು ಕಲಿಯಿರಿ. ಮೊದಲ ಒಂಟಿ ಓರೆಗೆರೆ ಎಲ್ಲಿದೆ ನೋಡಿ, ಅಲ್ಲಿಂದ ಎಡಕ್ಕೆ ಓದಿ. "ಬ್ಯಾಂಕ್.ಕಾಮ್.ಚೆಕ್.ನೆಟ್/ಲಾಗಿನ್" ಅಂತ ಇದ್ದರೆ ಅದರ ಯಜಮಾನ ಚೆಕ್.ನೆಟ್, ಬ್ಯಾಂಕ್ ಅಲ್ಲ. ಅದರ ಎಡಕ್ಕಿರುವುದನ್ನು ಯಜಮಾನ ಏನು ಬೇಕಾದರೂ ಬರೆದುಕೊಳ್ಳಬಹುದು. ಫೋನಿನಲ್ಲಿ ವಿಳಾಸದ ಒಂದು ತುಂಡು ಮಾತ್ರ ಕಾಣುತ್ತದೆ. ಅದಕ್ಕೇ ಹಣದ ವಿಷಯದ ಲಿಂಕನ್ನು ನಾನು ಫೋನಿನಲ್ಲಿ ಒತ್ತುವುದೇ ಇಲ್ಲ, ಆ್ಯಪ್ ತೆರೆದೇ ನೋಡುತ್ತೇನೆ.

ಪ್ರಶ್ನೆ: ಒಟಿಪಿ ಇರುವಾಗ ಪಾಸ್‌ವರ್ಡ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಉತ್ತರ: ಒಟಿಪಿ ಇಲ್ಲದ್ದಕ್ಕಿಂತ ಇರುವುದು ಎಷ್ಟೋ ಮೇಲು, ಆಫ್ ಮಾಡಲು ಹೋಗಬೇಡಿ. ಆದರೆ ಅದನ್ನೂ ಕದಿಯುತ್ತಾರೆ. ನಕಲಿ ಪುಟ ನೀವು ಬರೆದ ಒಟಿಪಿಯನ್ನು ಅದೇ ಕ್ಷಣ ಅಸಲಿ ಪುಟಕ್ಕೆ ದಾಟಿಸುತ್ತದೆ. ಇನ್ನು ಕೆಲವರು ನಿಮ್ಮ ನಂಬರಿಗೆ ಹೊಸ ಸಿಮ್ ಮಾಡಿಸಿಕೊಂಡು ಎಸ್‌ಎಂಎಸ್ ಅಲ್ಲೇ ಹಿಡಿಯುತ್ತಾರೆ. ಎಸ್‌ಎಂಎಸ್‌ಗಿಂತ, ಫೋನಿನಲ್ಲೇ ಒಟಿಪಿ ಮಾಡಿ ತೋರಿಸುವ ಅಥೆಂಟಿಕೇಟರ್ ಆ್ಯಪ್ ವಾಸಿ.

"ನೀವೇನಾ ಲಾಗಿನ್ ಆಗುತ್ತಿರುವುದು?" ಅಂತ ಫೋನಿಗೆ ಪದೇ ಪದೇ ಬಂದರೆ ಬೇಸತ್ತು "ಹೌದು" ಒತ್ತಬೇಡಿ. 2022ರಲ್ಲಿ ಉಬರ್ ಕಂಪನಿಯ ಜಾಲಕ್ಕೆ ನುಗ್ಗಿದ್ದು ಹೀಗೇ. ಕಂಪನಿಗೆ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಫೋನಿಗೆ ಒಂದರ ಹಿಂದೆ ಒಂದು ಕೇಳಿಕೆ ಬಂತು, ಕೊನೆಗೆ ಒಂದನ್ನು ಅವರು ಒಪ್ಪಿಬಿಟ್ಟರು. ನೀವು ಲಾಗಿನ್ ಆಗದೇ ಇರುವಾಗ ಅಂಥ ಕೇಳಿಕೆ ಬಂತೆಂದರೆ ನಿಮ್ಮ ಪಾಸ್‌ವರ್ಡ್ ಆಗಲೇ ಯಾರದೋ ಕೈಯಲ್ಲಿರಬಹುದು ಅಂತ ಅರ್ಥ.

ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದಲೇ ಲಾಗಿನ್ ಆಗುವ ಪಾಸ್‌ಕೀ ಬೇಕಾ ಅಂತ ಯಾವುದಾದರೂ ಸೈಟ್ ಕೇಳಿದರೆ ಹೂಂ ಅನ್ನಿ. ಅದರಲ್ಲಿ ಗುಟ್ಟಿನ ಕೀ ಆ ಸೈಟಿಗೆ ಹೋಗುವುದೇ ಇಲ್ಲ, ನಿಮ್ಮ ಹತ್ತಿರವೇ ಉಳಿಯುತ್ತದೆ. ಮಾಡಿದ ವಿಳಾಸಕ್ಕೆ ಮಾತ್ರ ಅದು ಕೆಲಸ ಮಾಡುತ್ತದೆ. ನಕಲಿ ಪುಟಕ್ಕೆ ಕೊಡೋಣ ಅಂದರೂ ಕೊಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಪ್ರಶ್ನೆ: ಅಪ್‌ಡೇಟ್ ಮಾಡಿ ಅಂತೀರಿ. 2024ರಲ್ಲಿ ಅಪ್‌ಡೇಟ್‌ನಿಂದಲೇ ಕಂಪ್ಯೂಟರ್‌ಗಳು ಕೆಟ್ಟವಲ್ಲ?

ಉತ್ತರ: ಕೆಟ್ಟವು, ನಿಜ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು. ವಿಮಾನಗಳು ನಿಂತವು, ಆಸ್ಪತ್ರೆಗಳಿಗೂ ತೊಂದರೆ ಆಯಿತು. ಅಷ್ಟು ಯಂತ್ರಗಳಿಗೆ ಒಂದೇ ಸಲಕ್ಕೆ ಕಳಿಸಿದ್ದು ತಪ್ಪು. ಸ್ವಲ್ಪ ಸ್ವಲ್ಪವಾಗಿ ಕಳಿಸಿ ನೋಡಬೇಕಿತ್ತು.

ಆದರೆ ಇನ್ನೊಂದು ಕಡೆಯನ್ನೂ ನೋಡಿ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ತೂತಿಗೆ ಪ್ಯಾಚ್, ಅಂದರೆ ಅದನ್ನು ಮುಚ್ಚುವ ಅಪ್‌ಡೇಟ್, ಕೊಟ್ಟಿತ್ತು. ಮೇ 12ರಂದು ಅದೇ ತೂತಿನಿಂದ ವನ್ನಾಕ್ರೈ ಅನ್ನುವ ವೈರಸ್ ನುಗ್ಗಿ, ಫೈಲುಗಳಿಗೆಲ್ಲ ಬೀಗ ಹಾಕಿ ಹಣ ಕೇಳಿತು. 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳನ್ನೇ ಮುಂದೂಡಬೇಕಾಯಿತು. ಮದ್ದು 59 ದಿನ ಮೊದಲೇ ಸಿಕ್ಕಿತ್ತು. ಮನೆಯ ಕಂಪ್ಯೂಟರ್, ಫೋನ್ ಅಂದರೆ ಬಂದ ದಿನವೇ ಹಾಕಿ. ಹಾಕುವ ಮುಂಚೆ ಬ್ಯಾಕಪ್ ಇರಲಿ, ಅದರಲ್ಲಿ ಒಂದು ಪ್ರತಿಯಾದರೂ ಕಂಪ್ಯೂಟರಿನಿಂದ ಕಳಚಿಟ್ಟದ್ದು ಇರಲಿ. ಚುಚ್ಚಿಕೊಂಡೇ ಇರುವ ಡಿಸ್ಕಿಗೂ ಇಂಥ ವೈರಸ್ ಬೀಗ ಹಾಕುತ್ತದೆ.

ಪ್ರಶ್ನೆ: ಓಪನ್ ಸೋರ್ಸ್ ಸಾಫ್ಟ್‌ವೇರ್‌ನ ಕೋಡ್ ಯಾರು ಬೇಕಾದರೂ ನೋಡಬಹುದು. ಹಾಗಾಗಿ ಅದು ಜಾಸ್ತಿ ಸುರಕ್ಷಿತ ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಸರೀನಾ?

ಉತ್ತರ: ನೋಡಬಹುದು ಅನ್ನುವುದು ಬೇರೆ, ನೋಡುತ್ತಿದ್ದಾರೆ ಅನ್ನುವುದು ಬೇರೆ. ಇಂಟರ್ನೆಟ್‌ನಲ್ಲಿ ಹೋಗಿಬರುವ ಮಾಹಿತಿಯನ್ನು ಗೂಢ ಮಾಡಲು ಅರ್ಧ ಇಂಟರ್ನೆಟ್ ನಂಬಿಕೊಂಡಿದ್ದ ಓಪನ್ ಸೋರ್ಸ್ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ತೂತು 2012ರಿಂದ 2014ರ ಏಪ್ರಿಲ್ ತನಕ ಎಲ್ಲರ ಕಣ್ಣೆದುರೇ ಇತ್ತು.

ಇನ್ನೊಂದು ಕಥೆ ಹೇಳುತ್ತೇನೆ, ನನಗೆ ಬಹಳ ಹಿಡಿಸಿದ್ದು. ಎಕ್ಸ್‌ಜೆಡ್ ಅಂತ ಫೈಲುಗಳನ್ನು ಕುಗ್ಗಿಸುವ ಸಣ್ಣ ಸಾಫ್ಟ್‌ವೇರ್ ಇದೆ, ಲಿನಕ್ಸ್‌ನಲ್ಲಿ ಎಲ್ಲ ಕಡೆ ಇರುತ್ತದೆ. ಅದನ್ನು ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. "ಜಿಯಾ ಟಾನ್" ಅನ್ನುವ ಹೆಸರಿನಲ್ಲಿ ಯಾರೋ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟರು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರೊಯಿಂಡ್ ಅನ್ನುವ ಎಂಜಿನಿಯರ್ ಬೇರೇನೋ ಅಳೆಯುತ್ತಿದ್ದಾಗ ಲಾಗಿನ್‌ಗೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅಂತ ಗಮನಿಸಿದರು. ಅರ್ಧ ಸೆಕೆಂಡ್! ಯಾರಾದರೂ ಹೋಗಲಿ ಬಿಡು ಅನ್ನುತ್ತಿದ್ದರು. ಅವರು ಬಿಡಲಿಲ್ಲ. ಎಳೆ ಹಿಡಿದು ಹೋಗಿ ಬಾಗಿಲು ಪತ್ತೆ ಮಾಡಿದರು, ಅದು ಹೆಚ್ಚಿನ ಯಂತ್ರಗಳಿಗೆ ತಲುಪುವ ಮೊದಲೇ. ಕೋಡ್ ತೆರೆದಿದ್ದಕ್ಕೇ ಅವರು ಕೊನೆ ತನಕ ಹೋಗಲು ಆಯಿತು, ಅಷ್ಟರ ಮಟ್ಟಿಗೆ ನಿಮ್ಮ ಮೇಷ್ಟ್ರ ಮಾತು ಸರಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್. ಒಂದು ಸೇವೆಯಲ್ಲಿ ವಿಳಾಸದ ಕೊನೆಯ ನಂಬರ್ ಬದಲಿಸಿದರೆ ಬೇರೆಯವರ ದಾಖಲೆ ತೆರೆದುಕೊಳ್ಳುತ್ತದೆ. ಎರಡು ಸಲ ಬರೆದೆ, ಉತ್ತರವಿಲ್ಲ. ಎಲ್ಲರಿಗೂ ತಿಳಿಯುವ ಹಾಗೆ ಬರೆದು ಪ್ರಕಟಿಸಲಾ?

ಉತ್ತರ: ಈಗಲೇ ಬೇಡ. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅಲ್ಲಿರುವ ದಾಖಲೆಗಳು ಆ ಕಂಪನಿಯವಲ್ಲ, ನಿಮ್ಮ ನನ್ನಂಥವರವು.

ಮೊದಲು ನಿಮ್ಮನ್ನು ಕಾಪಾಡಿಕೊಳ್ಳಿ. ಇನ್ನು ಒಂದು ನಂಬರನ್ನೂ ಬದಲಿಸಿ ನೋಡಬೇಡಿ. ಪರೀಕ್ಷೆ ಮಾಡಲೇಬೇಕಿದ್ದರೆ ನಿಮ್ಮದೇ ಎರಡು ಖಾತೆ ಮಾಡಿ, ಒಂದರಿಂದ ಇನ್ನೊಂದು ಕಾಣುತ್ತದಾ ನೋಡಬೇಕಿತ್ತು. "ಎಷ್ಟು ಜನರದು ಸಿಗುತ್ತದೆ ನೋಡೋಣ" ಅಂತ ನೂರಾರು ದಾಖಲೆ ಇಳಿಸಿಕೊಂಡರೆ ಎಷ್ಟೋ ದೇಶಗಳ ಕಾನೂನಿನಲ್ಲಿ ನೀವೇ ಅಪರಾಧಿ. ಇಳಿಸಿಕೊಂಡದ್ದಿದ್ದರೆ ಯಾರಿಗೂ ಕಳಿಸಬೇಡಿ, ವಕೀಲರೊಬ್ಬರನ್ನು ಕೇಳಿ. ಹಣದ ಮಾತು ನೀವಾಗಿ ಎತ್ತಲೇಬೇಡಿ, ಅದು ಬೆದರಿಕೆ ತರಹ ಓದಿಸಿಕೊಳ್ಳುತ್ತದೆ.

ಆಮೇಲೆ ಸರಿಯಾದ ಬಾಗಿಲು ತಟ್ಟಿ. ಗ್ರಾಹಕ ಸೇವೆಗೆ ಬರೆದರೆ ಅಲ್ಲಿನವರಿಗೆ ಅದು ಅರ್ಥವೇ ಆಗದಿರಬಹುದು. ಸೆಕ್ಯುರಿಟಿ.ಟಿಎಕ್ಸ್‌ಟಿ ಅನ್ನುವ ಫೈಲ್ ಆ ಸೈಟಿನಲ್ಲಿ ಇದೆಯಾ ನೋಡಿ. ಇಂಥದ್ದನ್ನು ಯಾರಿಗೆ ಹೇಳಬೇಕು ಅಂತ ಬರೆದಿಡಲೆಂದೇ 2022ರಲ್ಲಿ ಮಾನಕವಾದದ್ದು ಅದು. ಇಲ್ಲದಿದ್ದರೆ ನಿಮ್ಮ ದೇಶದ ಸರ್ಟ್ (ಕಂಪ್ಯೂಟರ್ ಭದ್ರತೆಯ ತುರ್ತು) ತಂಡಕ್ಕೆ ಬರೆಯಿರಿ, ಮಧ್ಯಸ್ಥಿಕೆ ಅವರ ಕೆಲಸ. ಪತ್ರದಲ್ಲಿ ಏನು ಮಾಡಿದಿರಿ, ಏನು ಕಂಡಿತು, ಯಾವ ದಿನ ಎಷ್ಟು ಗಂಟೆಗೆ, ಅಷ್ಟೇ ಇರಲಿ. ಬೈಗುಳ ಬೇಡ.

ಗಡುವು ಹಾಕುವುದು ತಪ್ಪಲ್ಲ. ಗೂಗಲ್‌ನ ಪ್ರಾಜೆಕ್ಟ್ ಜೀರೋ ಅನ್ನುವ, ಸಾಫ್ಟ್‌ವೇರ್ ತೂತು ಹುಡುಕುವ ತಂಡ ಅದನ್ನು ಸರಿಪಡಿಸಲು 90 ದಿನ ಕೊಡುತ್ತದೆ. ಮುಚ್ಚಿಡುವ ಕಂಪನಿಗಳು ಕದಲಿದ್ದೇ ಇಂಥ ಗಡುವುಗಳಿಂದ. 2008ರಲ್ಲಿ ಡ್ಯಾನ್ ಕಮಿನ್‌ಸ್ಕಿ ಅನ್ನುವ ಭದ್ರತಾ ಸಂಶೋಧಕರು ಇಡೀ ಇಂಟರ್ನೆಟ್‌ನ ಹೆಸರು ಹುಡುಕುವ ವ್ಯವಸ್ಥೆಯಾದ ಡಿಎನ್‌ಎಸ್‌ನಲ್ಲೇ ದೋಷ ಕಂಡರು. ಹಲವು ಕಂಪನಿಗಳ ಜೊತೆ ಗುಟ್ಟಾಗಿ ಕೆಲಸ ಮಾಡಿದರು, ಜುಲೈ 8ರಂದು ಎಲ್ಲರ ಪ್ಯಾಚ್ ಒಟ್ಟಿಗೆ ಹೊರಬಂತು. ವಿವರ ಆಗಸ್ಟ್‌ನಲ್ಲಿ ಹೇಳುವುದೆಂದಿತ್ತು, ಎರಡೇ ವಾರದಲ್ಲಿ ಸೋರಿತು. ಅಷ್ಟರಲ್ಲಿ ಪ್ಯಾಚ್ ಜನರ ಕೈಯಲ್ಲಿತ್ತು. ನಿಮ್ಮ ವಿಷಯದಲ್ಲಿ ಒಂದು ವ್ಯತ್ಯಾಸ ಇದೆ. ಇಲ್ಲಿ ಜನ ತಾವಾಗಿ ಹಾಕಿಕೊಳ್ಳುವ ಪ್ಯಾಚ್ ಇಲ್ಲ, ಆ ಕಂಪನಿಯೇ ತೂತು ಮುಚ್ಚಬೇಕು. ಹಾಗಾಗಿ ಗಡುವು ಮುಗಿದರೂ ದಾರಿ ತೋರಿಸುವ ವಿವರ ಬರೆಯಬೇಡಿ. "ಇಂಥ ಸೇವೆಯಲ್ಲಿ ದಾಖಲೆಗಳು ಬೇರೆಯವರಿಗೆ ಕಾಣುತ್ತಿವೆ, ಇಂಥ ದಿನ ತಿಳಿಸಿದ್ದೇನೆ" ಅನ್ನುವಷ್ಟು ಸಾಕು. ಉಳಿದದ್ದು ಮುಚ್ಚಿದ ಮೇಲೆ.

ಪ್ರಶ್ನೆ: ನಾನೂ ಇದೇ ಕೆಲಸದಲ್ಲಿದ್ದೇನೆ. ಭದ್ರತೆ ಬಗ್ಗೆ ಸಾಮಾನ್ಯ ಜನರಿಗೆ ಬರೆಯಬೇಕು ಅಂತ ಆಸೆ. ಏನು ಗಮನಿಸಬೇಕು?

ಉತ್ತರ: ಹೆದರಿಸಬೇಡಿ. ಹೆದರಿದವರು ಏನೂ ಮಾಡದೆ ಕೂರುತ್ತಾರೆ, ನಾನೇ ಎಷ್ಟೋ ಸಲ ನೋಡಿದ್ದೇನೆ. ಒಂದು ಬರಹಕ್ಕೆ ಒಂದು ಕೆಲಸ ಹೇಳಿ, ಓದಿ ಮುಗಿಸುವಷ್ಟರಲ್ಲಿ ಮಾಡಬಹುದಾದದ್ದನ್ನು. ದಿನಾಂಕ ಹಾಕಿ, ಯಾಕೆಂದರೆ 2003ರ ಪಾಸ್‌ವರ್ಡ್ ಸಲಹೆಯ ಹಾಗೆ ಇವತ್ತಿನ ಮಾತು ನಾಳೆ ತಪ್ಪಾಗಬಹುದು, ಆಗ ತಿದ್ದಿ. ನಿಮ್ಮ ಆಫೀಸಿನ ಅನುಮತಿ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ನಿಮ್ಮಿಂದ ಆದ ತಪ್ಪನ್ನೂ ಬರೆಯಿರಿ, ಓದುವವರಿಗೆ ತಮ್ಮದನ್ನು ಹೇಳಲು ಧೈರ್ಯ ಬರುತ್ತದೆ.

ಸ್ಕ್ರೀನ್‌ಶಾಟ್ ಹಾಕುವಾಗ ಬಹಳ ಜಾಗ್ರತೆ. ಹೆಸರು, ನಂಬರ್‌ಗಳನ್ನು ಮಸುಕು ಮಾಡಿದರೆ ಎಷ್ಟೋ ಸಲ ಮತ್ತೆ ಓದಬಹುದು. ಕತ್ತರಿಸಿದರೆ ಹೋಯಿತು ಅಂದುಕೊಳ್ಳಬೇಡಿ. ಪಿಕ್ಸೆಲ್ ಫೋನ್‌ನಲ್ಲಿ ಕತ್ತರಿಸಿದ ಚಿತ್ರದ ಫೈಲಿನೊಳಗೆ ಕತ್ತರಿಸಿ ತೆಗೆದ ಭಾಗವೂ ಉಳಿದಿರುತ್ತಿತ್ತು ಅಂತ 2023ರಲ್ಲಿ ಗೊತ್ತಾಯಿತು, ವಿಂಡೋಸ್‌ನ ಕತ್ತರಿಸುವ ಸಾಧನದಲ್ಲೂ ಅದೇ ಕಥೆ. ಗಟ್ಟಿ ಕಪ್ಪು ಚೌಕ ಹಾಕಿ, ಅದರ ಮೇಲೆ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದು, ಆ ಎರಡನೆಯದನ್ನು ಬಳಸಿ. ಬ್ರೌಸರ್‌ನ ಮೇಲಿನ ಸಾಲಿನಲ್ಲಿ ತೆರೆದಿರುವ ಬೇರೆ ಟ್ಯಾಬ್‌ಗಳ ಹೆಸರನ್ನೂ ಒಮ್ಮೆ ಓದಿ ನೋಡಿ.